ಬೇಸಿಗೆ ರಜೆಯ ಕೆಲಸ: ಸಂಬಳಕ್ಕಿಂತ ಮೊದಲು ಕೇಳಬೇಕಾದದ್ದು

ಪ್ರಶ್ನೆ: ನಾನು ಪಾಂಡವಪುರದವಳು, ವಯಸ್ಸು 16. ವಾಣಿಜ್ಯ ವಿಭಾಗದಲ್ಲಿ ಪ್ರಥಮ ಪಿಯುಸಿ ಪರೀಕ್ಷೆ ಬರೆದಿದ್ದೇನೆ. ರಜೆಯಲ್ಲಿ ದುಡಿದು ಮುಂದಿನ ವರ್ಷದ ಶುಲ್ಕ ಮತ್ತು ಪುಸ್ತಕಗಳ ಖರ್ಚನ್ನು ನಾನೇ ನೋಡಿಕೊಳ್ಳಬೇಕೆಂದಿದ್ದೇನೆ. ಮೈಸೂರಿನ ದೇವರಾಜ ಅರಸು ರಸ್ತೆಯ ಬಟ್ಟೆ ಅಂಗಡಿಯೊಂದರಲ್ಲಿ ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ಕೆಲಸ, ತಿಂಗಳಿಗೆ 12,000 ರೂಪಾಯಿ ಎಂದಿದ್ದಾರೆ. ನಮ್ಮೂರಿನಲ್ಲೇ ತಾಲ್ಲೂಕು ಕಚೇರಿಯ ಹತ್ತಿರ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟಿರುವ ಅಕ್ಕ ಒಬ್ಬರು 10ರಿಂದ 4ರವರೆಗೆ ಬಂದರೆ 6,000 ಕೊಡುತ್ತಾರಂತೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಡೇಟಾ ಎಂಟ್ರಿ ಕೆಲಸಕ್ಕೆ ಮನೆಯಲ್ಲೇ ಕುಳಿತು 18,000 ಸಿಗುತ್ತದೆ, ಆದರೆ ಮೊದಲು 1,500 ರೂಪಾಯಿ ಕಟ್ಟಿ ಕರಾರಿಗೆ ಸಹಿ ಮಾಡಬೇಕು. 13 ವರ್ಷದ ನನ್ನ ತಮ್ಮ ಮದುವೆ ಛತ್ರಗಳಲ್ಲಿ ಬಡಿಸಲು ಹೋಗುತ್ತೇನೆಂದು ಹಠ ಹಿಡಿದಿದ್ದಾನೆ. ಅದರ ಬದಲು ಸೋದರಮಾವನ ಆಲೆಮನೆಗೆ ಹೋಗಲಿ ಎಂಬುದು ಅಪ್ಪನ ಮಾತು. ಯಾವುದು ಸರಿ?

ಉತ್ತರ: ಮೊದಲು ತೀರ್ಮಾನವನ್ನು ಹೇಳಿ, ಆಮೇಲೆ ಕಾರಣಗಳಿಗೆ ಬರುತ್ತೇನೆ. ನಿಮ್ಮೂರಿನ ಜೆರಾಕ್ಸ್ ಅಂಗಡಿಯ ಕೆಲಸವನ್ನು, ನಾನು ಮುಂದೆ ಹೇಳುವ ಒಂದೆರಡು ವಿಷಯಗಳನ್ನು ವಿಚಾರಿಸಿಕೊಂಡು, ಒಪ್ಪಿಕೊಳ್ಳಿ. ಬಟ್ಟೆ ಅಂಗಡಿಯವರು ಹೇಳಿರುವ ವೇಳೆಗೆ ನಿಮ್ಮನ್ನು ದುಡಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವೇ ಇಲ್ಲ. ಡೇಟಾ ಎಂಟ್ರಿಯ ಸಂದೇಶ ಕಳಿಸಿದವರಿಗೆ ಉತ್ತರ ಕೊಡುವ ಅಗತ್ಯವೂ ಇಲ್ಲ. ನಿಮ್ಮ ತಮ್ಮನಿಗೆ ಛತ್ರವೂ ಬೇಡ, ಆಲೆಮನೆಯ ಒಳಗಿನ ಕೆಲಸವೂ ಬೇಡ. ಕೆಲಸ ಹುಡುಕುವ ಹದಿಹರೆಯದವರು ಸಾಮಾನ್ಯವಾಗಿ ‘ಏನು ಕೆಲಸ, ಎಷ್ಟು ಸಂಬಳ’ ಎಂಬೆರಡನ್ನು ಮಾತ್ರ ಕೇಳುತ್ತಾರೆ. ಈ ವಯಸ್ಸಿನಲ್ಲಿ ಅವೆರಡಕ್ಕಿಂತಲೂ ಮುಖ್ಯವಾದದ್ದು, ಯಾರ ಕೈಕೆಳಗೆ ಕೆಲಸ ಮಾಡುತ್ತೀರಿ ಎಂಬುದು. ಮೊದಲ ಕೆಲಸದಲ್ಲಿ ನಾವು ಕಲಿಯುವುದೆಲ್ಲ, ಸಮಯಪಾಲನೆಯಿಂದ ಹಿಡಿದು ಗಿರಾಕಿಯೊಂದಿಗೆ ಮಾತಾಡುವ ರೀತಿಯವರೆಗೆ, ಪಕ್ಕದಲ್ಲಿ ನಿಂತಿರುವ ಹಿರಿಯರಿಂದಲೇ ಬರುತ್ತದೆ. ಆ ಹಿರಿಯರು ತಪ್ಪನ್ನು ತಿದ್ದುವವರೋ ಬೈಯುವವರೋ ಎಂಬುದರ ಮೇಲೆ ನಿಮ್ಮ ಎರಡು ತಿಂಗಳು ಸಾರ್ಥಕವಾಗುವುದೋ ವ್ಯರ್ಥವಾಗುವುದೋ ನಿಂತಿದೆ.

ಕಾನೂನಿನ ವಿಷಯ ಹಲವು ಮನೆಗಳಲ್ಲಿ ತಿಳಿದಿಲ್ಲದಿರುವುದರಿಂದ ಅದನ್ನು ಸ್ಪಷ್ಟವಾಗಿ ಹೇಳಬೇಕು. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದ ನಂತರ, 14 ತುಂಬಿ 18 ತುಂಬದವರನ್ನು ಕಿಶೋರರು ಎಂದು ಪ್ರತ್ಯೇಕವಾಗಿ ಗುರುತಿಸಲಾಗಿದೆ. ಗಣಿ, ಪಟಾಕಿ ಮತ್ತಿತರ ಸ್ಫೋಟಕಗಳು, ಅಪಾಯಕಾರಿ ಎಂದು ಪಟ್ಟಿ ಮಾಡಿರುವ ಕಾರ್ಖಾನೆ ಪ್ರಕ್ರಿಯೆಗಳು, ಇವುಗಳಲ್ಲಿ ಅವರನ್ನು ತೊಡಗಿಸುವಂತಿಲ್ಲ. ಉಳಿದ ಕಡೆ ಕೆಲಸ ಕೊಡಬಹುದು, ಆದರೆ ಮಿತಿಗಳಿವೆ. ಒಂದೇ ಸಮನೆ ಮೂರು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಮೂರು ಗಂಟೆಯಾದ ಮೇಲೆ ಕನಿಷ್ಠ ಒಂದು ಗಂಟೆ ಬಿಡುವು ಕೊಡಬೇಕು. ಆ ಬಿಡುವನ್ನೂ, ಕೆಲಸಕ್ಕಾಗಿ ಕಾಯುವ ಹೊತ್ತನ್ನೂ ಸೇರಿಸಿ ಇಡೀ ದಿನದ ವೇಳೆ ಆರು ಗಂಟೆಯನ್ನು ಮೀರಬಾರದು. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಮಾಡಿಸುವಂತಿಲ್ಲ. ಓವರ್‌ಟೈಮ್ ಇಲ್ಲ. ವಾರಕ್ಕೊಂದು ಪೂರ್ತಿ ದಿನ ರಜೆ ಕೊಡಲೇಬೇಕು. ಈ ಲೆಕ್ಕದಲ್ಲಿ ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ಎಂಬ ಮಾತು ಎರಡು ಕಡೆ ಕಾನೂನನ್ನು ಮುರಿಯುತ್ತದೆ. 10ರಿಂದ 4 ಎಂಬುದು, ಮಧ್ಯಾಹ್ನ ಒಂದು ಗಂಟೆ ಊಟ ಮತ್ತು ವಿಶ್ರಾಂತಿಗೆ ಸಿಗುವುದಾದರೆ, ಆರು ಗಂಟೆಯ ಮಿತಿಯೊಳಗೆ ಸರಿಯಾಗಿ ಕೂರುತ್ತದೆ.

ಸಂಬಳದಲ್ಲಿ ಅರ್ಧಕ್ಕರ್ಧ ವ್ಯತ್ಯಾಸವಿದೆಯಲ್ಲ ಎಂದು ನಿಮಗೆ ಅನ್ನಿಸುವುದು ಸಹಜ. ಹಾಗಾದರೆ ಗಂಟೆಯ ಲೆಕ್ಕ ಹಾಕೋಣ. ಅರಸು ರಸ್ತೆಯಲ್ಲಿ ದಿನಕ್ಕೆ ಹತ್ತು ಗಂಟೆ. ಪಾಂಡವಪುರದಿಂದ ಮೈಸೂರಿಗೆ ಹೋಗಿಬರಲು, ಬಸ್ಸಿಗೆ ಕಾಯುವುದನ್ನೂ ಸೇರಿಸಿದರೆ ಕಡಿಮೆಯೆಂದರೂ ಎರಡು ಗಂಟೆ. ತಿಂಗಳಿಗೆ 26 ದಿನವೆಂದರೆ 312 ಗಂಟೆ, 12,000 ರೂಪಾಯಿ. ನಿಮ್ಮೂರಿನ ಅಂಗಡಿಯಲ್ಲಿ ದಿನಕ್ಕೆ ಆರು ಗಂಟೆಯಂತೆ 156 ಗಂಟೆ, 6,000 ರೂಪಾಯಿ. ಎರಡೂ ಕಡೆ ಗಂಟೆಗೆ ಸಿಗುವುದು ಮೂವತ್ತೆಂಟು ರೂಪಾಯಿ ಚಿಲ್ಲರೆಯೇ. ಶಕ್ತಿ ಯೋಜನೆಯಿಂದಾಗಿ ನಿಮಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ ಎಂಬುದು ನಿಜ, ಆದರೆ ಮಧ್ಯಾಹ್ನದ ಊಟ, ಸಂಜೆಯ ಕಾಫಿ ತಿಂಡಿಗೆ ಮೈಸೂರಿನಲ್ಲಿ ಕೈಯಿಂದ ಹಣ ಹೋಗುತ್ತದೆ. ರಾತ್ರಿ 8ಕ್ಕೆ ಅಂಗಡಿ ಬಿಟ್ಟು, ಮದುವೆಯ ಸೀಸನ್ನಿನಲ್ಲಿ ತುಂಬಿ ಬರುವ ಬಸ್ಸಿನಲ್ಲಿ ನಿಂತುಕೊಂಡು ಮನೆ ಸೇರಿದ ಮೇಲೆ, ದ್ವಿತೀಯ ಪಿಯುಸಿಯ ಲೆಕ್ಕಶಾಸ್ತ್ರದ ಪುಸ್ತಕ ತೆರೆಯುವ ಚೈತನ್ಯ ಯಾರಿಗೂ ಉಳಿಯುವುದಿಲ್ಲ. ಹಾಗೆಂದು 6,000 ಹೆಚ್ಚೆಂದು ನಾನು ಹೇಳುತ್ತಿಲ್ಲ. ಎರಡೂ ಸಂಬಳ ಕಡಿಮೆಯೇ. ಅಂಗಡಿ ನೌಕರರಿಗೆ ಕನಿಷ್ಠ ವೇತನವನ್ನು ರಾಜ್ಯ ಸರ್ಕಾರ ಅಧಿಸೂಚನೆಯ ಮೂಲಕ ನಿಗದಿಪಡಿಸುತ್ತದೆ. ಕಾರ್ಮಿಕ ಇಲಾಖೆಯ ಜಾಲತಾಣದಲ್ಲಿ ಆ ದರಪಟ್ಟಿಯನ್ನು ನೋಡಿಕೊಂಡು, ನಿಮ್ಮ ಗಂಟೆಗಳಿಗೆ ಎಷ್ಟಾಗುತ್ತದೆಂದು ಲೆಕ್ಕ ಹಾಕಿಕೊಂಡು, ಆ ಅಕ್ಕನ ಹತ್ತಿರ ಸಂಕೋಚವಿಲ್ಲದೆ ಮಾತಾಡಿ. ದುಡಿಮೆಗೆ ತಕ್ಕ ಕೂಲಿಯನ್ನು ಕೇಳುವುದರಲ್ಲಿ ಅವಿನಯವೇನೂ ಇಲ್ಲ.

ಬಟ್ಟೆ ಅಂಗಡಿಯ ಕೆಲಸವನ್ನು ನಾನು ಕೀಳಾಗಿ ಕಾಣುವುದಿಲ್ಲ. ಒಂದು ಸೀರೆಯ ಸೆರಗು, ಅಂಚು, ಒಡಲು ಬಿಡಿಸಿ ತೋರಿಸಿ, ಗಿರಾಕಿ ಬೇಡವೆಂದಾಗ ಮುಖ ಸಣ್ಣಗೆ ಮಾಡಿಕೊಳ್ಳದೆ ಹಳೆಯ ಮಡಿಕೆಯ ಗೆರೆಯಲ್ಲೇ ಮತ್ತೆ ಮಡಚಿಟ್ಟು, ಮುಂದಿನದನ್ನು ತೆಗೆಯುವುದು ಸಾಧಾರಣ ವಿದ್ಯೆಯಲ್ಲ. ಮಾಲೀಕರು 10ರಿಂದ 4ಕ್ಕೆ ಒಪ್ಪಿ, ಕೂರಲು ಸ್ಟೂಲು ಕೊಟ್ಟು, ವಾರದ ರಜೆ ಕೊಡುವುದಾದರೆ, ಮತ್ತು ನಿಮಗೆ ಮೈಸೂರಿನಲ್ಲಿ ಉಳಿಯಲು ಬಂಧುಗಳ ಮನೆ ಇದ್ದರೆ, ಅದೂ ಒಳ್ಳೆಯ ಕೆಲಸವೇ ಆಗುತ್ತಿತ್ತು. ಆದರೆ 16 ವರ್ಷದವರಿಗೆ ಹತ್ತು ಗಂಟೆಯ ವೇಳೆಯನ್ನು ಸಲೀಸಾಗಿ ಹೇಳಿದವರು ಉಳಿದ ವಿಷಯಗಳಲ್ಲಿ ನಿಮ್ಮ ವಯಸ್ಸನ್ನು ನೆನಪಿಟ್ಟುಕೊಳ್ಳುತ್ತಾರೆಂದು ನನಗೆ ಅನ್ನಿಸುವುದಿಲ್ಲ. ಇಂಥ ಅಂಗಡಿಗಳಲ್ಲಿ ‘ಸ್ಕೂಟರ್ ಓಡಿಸಲು ಬರುತ್ತದಾ, ಈ ಪಾರ್ಸೆಲ್ ಕೊಟ್ಟು ಬಾ’ ಎಂದು ಕಳಿಸುವ ರೂಢಿಯೂ ಇದೆ. 16 ತುಂಬಿದವರು ಪರವಾನಗಿ ಪಡೆದು ಓಡಿಸಬಹುದಾದದ್ದು 50 ಸಿಸಿ ಮೀರದ ಗೇರಿಲ್ಲದ ವಾಹನ ಮಾತ್ರ. ನಮ್ಮ ಮನೆಗಳಲ್ಲಿರುವ ಪೆಟ್ರೋಲ್ ಸ್ಕೂಟರ್‌ಗಳು ಸಾಮಾನ್ಯವಾಗಿ 100 ಸಿಸಿಗೂ ಮೇಲಿನವು, ಅವುಗಳಿಗೆ 18 ತುಂಬಿರಬೇಕು. ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧವಾದರೆ, ಮೋಟಾರು ವಾಹನ ಕಾಯ್ದೆಗೆ 2019ರಲ್ಲಾದ ತಿದ್ದುಪಡಿಯ ನಂತರ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡದ ಅವಕಾಶವಿದೆ, ಓಡಿಸಿದವರಿಗೆ 25 ತುಂಬುವವರೆಗೆ ಪರವಾನಗಿಯೂ ಸಿಗುವುದಿಲ್ಲ. ಯಾವ ಕೆಲಸವೇ ಆಗಲಿ, ವಾಹನದ ಕೀಲಿಯನ್ನು ಕೈಗೆ ಕೊಟ್ಟರೆ ಬೇಡವೆನ್ನಿ.

ಇನ್ನು ಜೆರಾಕ್ಸ್ ಅಂಗಡಿ. ಹೊರಗಿನಿಂದ ನೋಡಿದರೆ ಯಂತ್ರದ ಮುಚ್ಚಳ ಎತ್ತಿ ಇಳಿಸುವ ಕೆಲಸದಂತೆ ಕಾಣುತ್ತದೆ. ಆದರೆ ತಾಲ್ಲೂಕು ಕಚೇರಿಯ ಪಕ್ಕದ ಅಂಗಡಿಯಲ್ಲಿ, ಅದರಲ್ಲೂ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದು ಕಾಲೇಜು ಪ್ರವೇಶ ನಡೆಯುವ ಮೇ ತಿಂಗಳಿನಲ್ಲಿ, ವಾಣಿಜ್ಯ ಓದುವ ವಿದ್ಯಾರ್ಥಿನಿಗೆ ಕಲಿಯಲು ಇರುವಷ್ಟು ವಿಷಯ ಬೇರೆ ಕಡೆ ಇರುವುದು ಕಷ್ಟ. ಒಬ್ಬ ರೈತರು ಮಗಳ ವಿದ್ಯಾರ್ಥಿವೇತನದ ಅರ್ಜಿಗೆಂದು ಬರುತ್ತಾರೆ ಎಂದುಕೊಳ್ಳಿ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಬೇಕು. ಪ್ರಮಾಣಪತ್ರ ತಂದಿದ್ದಾರೆ, ಆದರೆ ಆದಾಯ ಪತ್ರದ ಅವಧಿ ಮುಗಿದಿದೆ. ಅಂಕಪಟ್ಟಿಯಲ್ಲಿ ಹುಡುಗಿಯ ಹೆಸರಿನ ಮುಂದೆ ಒಂದು ಇನಿಷಿಯಲ್ ಇದೆ, ಆಧಾರ್‌ನಲ್ಲಿ ಅದು ಹೆಸರಿನ ಕೊನೆಗೆ ಅಪ್ಪನ ಪೂರ್ತಿ ಹೆಸರಾಗಿದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ. ಈ ಮೂರರಲ್ಲಿ ಯಾವುದನ್ನು ಮೊದಲು ಸರಿಪಡಿಸಬೇಕು, ಅದಕ್ಕೆ ನಾಡಕಚೇರಿಗೆ ಹೋಗಬೇಕೋ ಬ್ಯಾಂಕಿಗೋ ಆಧಾರ್ ಕೇಂದ್ರಕ್ಕೋ ಎಂಬುದನ್ನು ಒಂದು ಚೀಟಿಯಲ್ಲಿ ಕ್ರಮವಾಗಿ ಬರೆದುಕೊಟ್ಟರೆ ಅವರಿಗೆ ಎರಡು ಮೂರು ದಿನದ ಅಲೆದಾಟ ತಪ್ಪುತ್ತದೆ. ಸುಮ್ಮನೆ ಅರ್ಜಿ ತುಂಬಿ ಹಣ ತೆಗೆದುಕೊಂಡು ಕಳಿಸಿದರೆ, ಆ ಅರ್ಜಿ ತಿಂಗಳುಗಟ್ಟಲೆ ಬಾಕಿ ಬಿದ್ದಿರುತ್ತದೆ. ಈ ಎರಡರ ನಡುವಿನ ಅಂತರವನ್ನು ಕಣ್ಣಾರೆ ಕಂಡವರು ಮುಂದೆ ಬ್ಯಾಂಕಿನಲ್ಲಿ ಕುಳಿತರೂ ಕಚೇರಿಯಲ್ಲಿ ಕುಳಿತರೂ ಎದುರಿಗೆ ನಿಂತವರನ್ನು ಬೇರೆ ರೀತಿಯಲ್ಲಿ ನೋಡುತ್ತಾರೆ. ಈ ಕಾರಣಕ್ಕಾಗಿಯೇ ಈ ಕೆಲಸದ ಬಗ್ಗೆ ನನಗೆ ಇಷ್ಟು ಒಲವು.

ಇದರ ಜೊತೆಗೆ ‘ನುಡಿ’ ತಂತ್ರಾಂಶದಲ್ಲೋ ಯೂನಿಕೋಡ್‌ನಲ್ಲೋ ಕನ್ನಡ ಬೆರಳಚ್ಚು ಕೈಗೆ ಹತ್ತುತ್ತದೆ. ಬೆಳಿಗ್ಗೆ ಗಲ್ಲಾದಲ್ಲಿದ್ದ ಚಿಲ್ಲರೆ ಎಷ್ಟು, ನಗದು ಎಷ್ಟು ಬಂತು, ಫೋನಿನ ಮೂಲಕ ಎಷ್ಟು ಬಂತು, ಕಾಗದಕ್ಕೂ ಇಂಕಿಗೂ ಎಷ್ಟು ಹೋಯಿತು, ಯಾರ ಬಾಕಿ ಉಳಿಯಿತು ಎಂಬುದನ್ನು ದಿನಾ 4 ಗಂಟೆಗೆ ಬರೆದಿಟ್ಟು ಹೊರಡುವ ಅಭ್ಯಾಸ ಮಾಡಿಕೊಂಡರೆ, ನೀವು ಪುಸ್ತಕದಲ್ಲಿ ಓದಿದ ನಗದು ಪುಸ್ತಕ ಮೊದಲ ಬಾರಿಗೆ ಜೀವಂತವಾಗಿ ಅರ್ಥವಾಗುತ್ತದೆ. ಲೆಕ್ಕ ಹತ್ತು ರೂಪಾಯಿ ತಾಳೆಯಾಗದ ದಿನ, ಎಲ್ಲಿ ತಪ್ಪಿತೆಂದು ಹುಡುಕುವ ಆ ಕಾಲು ಗಂಟೆಯೇ ಅದರ ನಿಜವಾದ ಪಾಠ.

ಈ ಕೆಲಸದಲ್ಲಿ ಒಂದು ಅಪಾಯವೂ ಇದೆ. ಜನ ತಮ್ಮ ಆಧಾರ್, ಪಾಸ್‌ಪುಸ್ತಕ, ಮೊಬೈಲ್ ಎಲ್ಲವನ್ನೂ ನಂಬಿ ಮೇಜಿನ ಮೇಲಿಡುತ್ತಾರೆ. ಯಾರದೇ ದಾಖಲೆಯ ಫೋಟೋವನ್ನು ನಿಮ್ಮ ಸ್ವಂತ ಫೋನಿನಲ್ಲಿ ತೆಗೆಯಬೇಡಿ. ಒಟಿಪಿ ಬಂದರೆ ಅದು ಯಾವುದಕ್ಕೆ ಎಂದು ಅವರಿಗೆ ಓದಿ ಹೇಳಿ, ಅವರಿಂದಲೇ ಹೇಳಿಸಿಕೊಂಡು ಹಾಕಿ. ಅರ್ಜಿ ಮುಗಿದ ಮೇಲೆ ಅವರ ಲಾಗಿನ್ನಿನಿಂದ ಹೊರಬಂದು, ಕಂಪ್ಯೂಟರಿನಲ್ಲಿ ಉಳಿದ ಸ್ಕ್ಯಾನ್ ಪ್ರತಿಗಳನ್ನು ಅಳಿಸಿಹಾಕಿ. ಬೆರಳಿನ ಗುರುತು ಒತ್ತಿಸಿ ಖಾತೆಯಿಂದ ಹಣ ತೆಗೆದುಕೊಡುವ ಸೇವೆ ಅಂಗಡಿಯಲ್ಲಿದ್ದರೆ ಅದನ್ನು ಆ ಅಕ್ಕನೇ ನೋಡಿಕೊಳ್ಳಲಿ. ಬೇರೆಯವರ ಹಣದ ಜವಾಬ್ದಾರಿ 16 ವರ್ಷದವರ ಹೆಗಲ ಮೇಲೆ ಬೀಳಬಾರದು.

ಈಗ, ಆ ಅಕ್ಕ ಎಂಥವರೆಂದು ತಿಳಿಯುವುದು ಹೇಗೆ? ಒಪ್ಪಿಕೊಳ್ಳುವ ಮೊದಲು ಒಂದು ಮಧ್ಯಾಹ್ನ, ಜನ ಹೆಚ್ಚಿರುವ ಹೊತ್ತಿನಲ್ಲಿ, ಏನಾದರೂ ಜೆರಾಕ್ಸ್ ಮಾಡಿಸುವ ನೆಪದಲ್ಲಿ ಅಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಓದು ಬಾರದ ಮುದುಕಿಯೊಬ್ಬರು ಅದೇ ಪ್ರಶ್ನೆಯನ್ನು ಮೂರು ಸಲ ಕೇಳಿದಾಗ ಅವರು ಹೇಗೆ ಉತ್ತರಿಸುತ್ತಾರೆ? ಕೆಲಸದ ಹುಡುಗಿ ಪುಟ ತಿರುಗುಮುರುಗು ಮಾಡಿದರೆ ಎಲ್ಲರೆದುರು ಕೂಗಾಡುತ್ತಾರೋ, ಸರಿಮಾಡಿ ತೋರಿಸುತ್ತಾರೋ? ಕಳೆದ ವರ್ಷ ಅಲ್ಲಿ ದುಡಿದವರು ಯಾರೆಂದು ಪತ್ತೆಹಚ್ಚಿ, ಸಂಬಳ ಹೇಳಿದ ದಿನ ಕೈಗೆ ಬಂತೇ ಎಂಬ ಒಂದೇ ಪ್ರಶ್ನೆಯನ್ನು ಕೇಳಿ. ಚಿಕ್ಕ ಊರಿನಲ್ಲಿ ಇದು ಕಷ್ಟವಲ್ಲ, ನಿಮ್ಮ ತಾಯಿ ಮಾರ್ಕೆಟ್ಟಿಗೆ ಹೋದಾಗ ನಾಲ್ಕು ಜನರನ್ನು ವಿಚಾರಿಸಿದರೆ ಸಾಕು. ಅಂಗಡಿಗೆ ಶೌಚಾಲಯದ ವ್ಯವಸ್ಥೆ ಎಲ್ಲಿದೆ ಎಂದೂ ಮರೆಯದೆ ಕೇಳಿ. ಇದನ್ನು ಕೇಳಲು ನಾಚಿ ಇಡೀ ದಿನ ನೀರು ಕುಡಿಯದೆ ಕೂರುವ ಹುಡುಗಿಯರಿದ್ದಾರೆ, ಏಪ್ರಿಲ್ ಬಿಸಿಲಿನಲ್ಲಿ ಅದು ಆರೋಗ್ಯಕ್ಕೆ ಕೆಡುಕು.

ಮಾತು ಒಪ್ಪಿಗೆಯಾದ ಮೇಲೆ ಸಂಬಳ, ವೇಳೆ, ವಾರದ ರಜೆ, ಸಂಬಳದ ದಿನಾಂಕ ಇವಿಷ್ಟನ್ನು ಒಂದು ಸಂದೇಶದಲ್ಲಿ ಬರೆದು, ‘ಅಕ್ಕಾ, ನಾವು ಮಾತಾಡಿದ್ದು ಇದು, ಸರಿಯಾ ನೋಡಿ’ ಎಂದು ಅವರಿಗೆ ಕಳಿಸಿ. ಒಳ್ಳೆಯವರು ಇದಕ್ಕೆ ಬೇಸರ ಪಟ್ಟುಕೊಳ್ಳುವುದಿಲ್ಲ. ಹತ್ತು ವರ್ಷ ಮೇಲ್ಪಟ್ಟವರು ತಮ್ಮ ಉಳಿತಾಯ ಖಾತೆಯನ್ನು ತಾವೇ ನಡೆಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ, ಮಿತಿಗಳನ್ನು ಆಯಾ ಬ್ಯಾಂಕ್ ನಿಗದಿಪಡಿಸುತ್ತದೆ. ನಿಮ್ಮ ಹೆಸರಿನಲ್ಲಿ ಖಾತೆ ಇಲ್ಲದಿದ್ದರೆ ಈ ವಾರವೇ ತೆರೆದು ಸಂಬಳವನ್ನು ಅದಕ್ಕೇ ಹಾಕಿಸಿಕೊಳ್ಳಿ. ಹಣ ಶುಲ್ಕಕ್ಕೆಂದು ನೀವು ದುಡಿಯುತ್ತಿರುವುದರಿಂದ, ಅದರಲ್ಲಿ ಎಷ್ಟು ಶುಲ್ಕಕ್ಕೆ, ಎಷ್ಟು ನಿಮ್ಮ ಕೈಖರ್ಚಿಗೆ ಎಂಬುದನ್ನೂ ಅಪ್ಪ ಅಮ್ಮನ ಜೊತೆ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ವಯಸ್ಸಿನ ದಾಖಲೆ ಕೇಳಿದರೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಜೆರಾಕ್ಸ್ ಕೊಡಿ. ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಒಪ್ಪಿಸಬೇಡಿ.

ಡೇಟಾ ಎಂಟ್ರಿಯ ವಿಷಯ. ಕೆಲಸ ಕೊಡುವವರು ಹಣ ಕೊಡುತ್ತಾರೆ, ಕೇಳುವುದಿಲ್ಲ. ನೋಂದಣಿ, ತರಬೇತಿ, ಠೇವಣಿ ಎಂದು ಏನೇ ಹೆಸರಿಟ್ಟರೂ ಮೊದಲು ಹಣ ಕಟ್ಟಿ ಎನ್ನುವ ಕೆಲಸ ಮೋಸವೆಂದೇ ತಿಳಿಯಿರಿ. ಈ ಮೋಸದಲ್ಲಿ ಎರಡನೆಯ ಹಂತವೂ ಇರುತ್ತದೆ: ನೂರಾರು ಪುಟ ತುಂಬಿಸಿಕೊಂಡು, ತಪ್ಪುಗಳಿವೆ, ಕರಾರು ಮುರಿದಿದ್ದೀರಿ, ಇಷ್ಟು ಸಾವಿರ ಕಟ್ಟದಿದ್ದರೆ ಕೋರ್ಟಿನ ನೋಟಿಸು ಬರುತ್ತದೆ ಎಂದು ಹೆದರಿಸುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಕರಾರು ಮಾಡಿಕೊಳ್ಳಲು ವಯಸ್ಕರಾಗಿರಬೇಕು. ಅಪ್ರಾಪ್ತ ವಯಸ್ಸಿನವರ ಕರಾರು ಆರಂಭದಿಂದಲೇ ಅನೂರ್ಜಿತ ಎಂಬುದು 1903ರಲ್ಲಿ ಪ್ರಿವಿ ಕೌನ್ಸಿಲ್ ಕೊಟ್ಟ ಮೊಹೊರಿ ಬೀಬಿ ಪ್ರಕರಣದ ತೀರ್ಪಿನಿಂದ ಸ್ಥಿರಪಟ್ಟಿದೆ. ಆದ್ದರಿಂದ ನಿಮ್ಮ ಗೆಳತಿಯರು ಯಾರಾದರೂ ಈಗಾಗಲೇ ಸಹಿ ಹಾಕಿದ್ದರೆ ಆ ಬೆದರಿಕೆಗೆ ಹೆದರಿ ಹಣ ಕಳಿಸುವುದು ಬೇಡ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಲಿ. ಇದಕ್ಕಿಂತ ಅಪಾಯದ ಇನ್ನೊಂದು ಆಹ್ವಾನವೂ ಹರಿದಾಡುತ್ತಿದೆ: ನಿಮ್ಮ ಖಾತೆಗೆ ಹಣ ಬರುತ್ತದೆ, ಅದನ್ನು ಬೇರೆ ಖಾತೆಗೆ ಕಳಿಸಿ, ಕಮಿಷನ್ ಇಟ್ಟುಕೊಳ್ಳಿ ಎನ್ನುವುದು. ಅದು ಯಾರಿಂದಲೋ ಕದ್ದ ಹಣವನ್ನು ಸಾಗಿಸುವ ದಾರಿ. ಪೊಲೀಸರು ಮೊದಲು ಬರುವುದು ಖಾತೆಯಲ್ಲಿ ಹೆಸರಿರುವವರ ಮನೆಗೆ.

ತಮ್ಮನ ಬಗ್ಗೆ. 14 ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡವರಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ಇಲ್ಲವೇ 20,000ದಿಂದ 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಛತ್ರದ ಕೆಲಸವೆಂದರೆ ಆರತಕ್ಷತೆಯ ರಾತ್ರಿ ಹನ್ನೊಂದರವರೆಗೆ ಪಂಕ್ತಿ, ಆಮೇಲೆ ಪಾತ್ರೆ, ಮತ್ತೆ ಮುಹೂರ್ತದ ಬೆಳಿಗ್ಗೆ ಐದಕ್ಕೆ ತಿಂಡಿ. ನಡುವೆ ಕುದಿಯುವ ಸಾರಿನ ಬಕೆಟ್ಟನ್ನು ಹಿಡಿದು ಒದ್ದೆ ನೆಲದಲ್ಲಿ ಓಡಾಡಬೇಕು. ಸ್ನೇಹಿತರ ಜೊತೆ ಇರುವ ಸಂಭ್ರಮ ಅವನನ್ನು ಸೆಳೆಯುತ್ತಿದೆ, ಅದು ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಿಗೆ ಕೊಡಬೇಡಿ.

ಅಪ್ಪನ ಸಲಹೆಗೆ ಕಾನೂನಿನ ಆಧಾರವೇನೋ ಇದೆ. ಶಾಲೆಯ ಓದಿಗೆ ಅಡ್ಡಿಯಾಗದಂತೆ, ಶಾಲೆಯ ವೇಳೆಯ ನಂತರ ಅಥವಾ ರಜೆಯಲ್ಲಿ, ಮಗು ತನ್ನ ಕುಟುಂಬದ ಉದ್ಯಮದಲ್ಲಿ ನೆರವಾಗಬಹುದು. ಕಾಯ್ದೆಯ ವ್ಯಾಖ್ಯೆಯಲ್ಲಿ ಕುಟುಂಬವೆಂದರೆ ತಾಯಿಯ ಸೋದರರೂ ಸೇರುತ್ತಾರೆ. ಆದರೆ ಅಪಾಯವಿರುವ ಕೆಲಸಕ್ಕೆ ಈ ರಿಯಾಯಿತಿ ಇಲ್ಲ, ಮತ್ತು ಆಲೆಮನೆಯ ಒಳಗಿನ ಮುಖ್ಯ ಕೆಲಸಗಳೆಲ್ಲವೂ ಅಪಾಯದವೇ. ಗಾಣಕ್ಕೆ ಜಲ್ಲೆ ಕೊಡುವಾಗ ತೋಳಿನ ಬಟ್ಟೆಯ ಅಂಚು ಸಿಕ್ಕಿಕೊಂಡರೂ ಉರುಳೆಗಳು ಕೈಯನ್ನು ಒಳಗೆಳೆದುಕೊಳ್ಳುತ್ತವೆ. ಕೊಪ್ಪರಿಗೆಯಲ್ಲಿ ಪಾಕ ಏರುವ ಹೊತ್ತಿನಲ್ಲಿ ಅದರ ಬಿಸಿ ಕುದಿಯುವ ನೀರಿಗಿಂತ ಹೆಚ್ಚು. ಒಂದು ಹನಿ ಮೈಮೇಲೆ ಸಿಡಿದರೆ ಜಾರಿಹೋಗದೆ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಒಲೆಗೆ ರಚ್ಚು, ಅಂದರೆ ರಸ ಹಿಂಡಿದ ಕಬ್ಬಿನ ಸಿಪ್ಪೆ, ತಳ್ಳುವ ಜಾಗದಲ್ಲಿ ದೊಡ್ಡವರೇ ಬೆಂಕಿಯ ಝಳ ತಡೆಯಲಾರದೆ ಹಿಂದೆ ಸರಿಯುತ್ತಾರೆ. ಹೋಗಲೇಬೇಕೆಂದಿದ್ದರೆ ಅಮ್ಮನ ತವರಿಗೆ ಸೋದರಳಿಯನಾಗಿ ಹೋಗಿ, ಆರಿದ ಬೆಲ್ಲದ ಅಚ್ಚುಗಳನ್ನು ಎಣಿಸಿ, ಯಾರಿಗೆ ಎಷ್ಟು ಹೋಯಿತೆಂದು ಮಾವನ ಪುಸ್ತಕದಲ್ಲಿ ಬರೆದುಕೊಟ್ಟು ಬರಲಿ, ಹಗಲಿನಲ್ಲಿ ಒಂದೆರಡು ಗಂಟೆ ಮಾತ್ರ, ಗಾಣ ಮತ್ತು ಒಲೆಯಿಂದ ದೂರದಲ್ಲಿ. ಮಾವ ಇದಕ್ಕೆ ಮಾತು ಕೊಟ್ಟು ನಡೆಸಿಕೊಡುವವರಾದರೆ ಮಾತ್ರ ಕಳಿಸಿ. ಅಪ್ಪನಿಗೆ ಇದನ್ನು ನೀವು ಹೇಳುವುದಕ್ಕಿಂತ ಅಮ್ಮ ಹೇಳಿದರೆ ಸುಲಭವಾಗಬಹುದು.

ನಿಮ್ಮ ಕೆಲಸಕ್ಕೆ ಮರಳಿ ಬಂದರೆ, ಯಾವುದೇ ಜಾಗದಲ್ಲಿ ಯಾರಾದರೂ, ಅದು ಮಾಲೀಕರೇ ಆಗಲಿ ಅವರ ಬಂಧುವೇ ಆಗಲಿ ಗಿರಾಕಿಯೇ ಆಗಲಿ, ಮೈಮುಟ್ಟಿದರೆ ಅಥವಾ ಮನಸ್ಸಿಗೆ ಹಿಂಸೆಯಾಗುವ ಮಾತಾಡಿದರೆ, ತಿಂಗಳ ಸಂಬಳ ಬಾಕಿ ಇದೆಯೆಂದು ಯೋಚಿಸದೆ ಅದೇ ಕ್ಷಣ ಹೊರಟು ಬಂದು ಅಮ್ಮನಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098 ದಿನದ ಇಪ್ಪತ್ತನಾಲ್ಕು ಗಂಟೆಯೂ ಇರುತ್ತದೆ, 18 ತುಂಬದ ಎಲ್ಲರಿಗೂ ಅದು ಅನ್ವಯಿಸುತ್ತದೆ.

ಸೇರುವ ದಿನವೇ ಬಿಡುವ ದಿನವನ್ನೂ ಹೇಳಿಬಿಡಿ. ಕಾಲೇಜು ಆರಂಭವಾಗುವ ದಿನಕ್ಕಿಂತ ಒಂದು ವಾರ ಮೊದಲು ಕೆಲಸ ಮುಗಿಸುವುದಾಗಿ ತಿಳಿಸಿದರೆ, ಪ್ರವೇಶದ ಗಡಿಬಿಡಿಯ ನಡುವೆ ಆ ಅಕ್ಕನಿಗೂ ಬೇರೆಯವರನ್ನು ಹುಡುಕಿಕೊಳ್ಳಲು ಸಮಯ ಸಿಗುತ್ತದೆ, ನಿಮಗೂ ಪುಸ್ತಕ ಕೊಂಡು ಓದಿಗೆ ಕೂರಲು ಏಳು ದಿನ ಸಿಗುತ್ತವೆ. ಹೊರಡುವಾಗ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಏನು ಕೆಲಸ ಮಾಡಿದಿರಿ ಎಂದು ಅಂಗಡಿಯ ಮೊಹರಿನೊಂದಿಗೆ ಅರ್ಧ ಪುಟದ ಪತ್ರ ಬರೆಸಿಕೊಳ್ಳಿ. ಪದವಿಯ ವರ್ಷಗಳಲ್ಲಿ ಮುಂದಿನ ಕೆಲಸ ಕೇಳಲು ಹೋದಾಗ ಅದನ್ನು ತೋರಿಸಬಹುದು.